ಗೋವಿಗೆ ನೀಡುವ ತುತ್ತು

ಮಂಗಲಕಾರ್ಯ ಮುಗಿದ ಮೇಲೆ ಉಳಿದ ಅಡುಗೆಯನ್ನು ಆಕಳಿಗೆ ಹಾಕುವುದು ನಮ್ಮ ಧಾರವಾಡ ಸೀಮೆಯ ಮನೆಗಳಲ್ಲಿ ನಡೆದುಬಂದ ರೂಢಿ. ಅನ್ನ ಹಾಳಾಗಬಾರದು, ಮೂಕಪ್ರಾಣಿಯೂ ಹಬ್ಬದೂಟ ಉಣ್ಣಲಿ ಎಂಬ ಸದ್ಭಾವನೆಯೇ ಅದರ ಮೂಲ. ನಾವೂ ಹಾಗೆಯೇ ನಂಬಿದ್ದೆವು. ಆ ನಂಬಿಕೆ ನಮ್ಮ ಮನೆಯ ಆಕಳಿಗೆ ಎಷ್ಟು ದುಬಾರಿಯಾಯಿತೆಂಬುದನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ತಂಗಿಯ ಮಗುವಿನ ತೊಟ್ಟಿಲು ಕಾರ್ಯಕ್ಕೆ 300 ಜನರಿಗೆಂದು ಅಡುಗೆ ಮಾಡಿಸಿದ್ದೆವು. ಬಂದವರು ಅದಕ್ಕಿಂತ ಬಹಳ ಕಡಿಮೆ. ಗೋಧಿ ಹುಗ್ಗಿಯೂ ಅನ್ನವೂ ಧಾರಾಳವಾಗಿ ಉಳಿದವು. ಸಂಜೆ ನಾವೇ ಎರಡು ಬಕೆಟ್ ತುಂಬಿಕೊಂಡು ಹೋಗಿ ಗೋದಲಿಗೆ ಸುರಿದೆವು. ಆ ಆಕಳು ಮಿಶ್ರತಳಿಯದು, ಎರಡನೆಯ ಸೂಲಿನದು. ದಿನಕ್ಕೆ 10 ಲೀಟರ್ ಹಾಲು ಕೊಡುತ್ತಿತ್ತು. ಬೆಲ್ಲದ ರುಚಿಗೆ ಅದು ತಲೆಯೆತ್ತದೆ ತಿಂದಿತು. ನೋಡಿ ನಮಗೆ ಸಂತೋಷವೇ ಆಯಿತು.

ಮರುದಿನ ನಸುಕಿನಲ್ಲಿ ಹಾಲು ಹಿಂಡಲು ಹೋದ ಅವ್ವ ಬರಿಗೈಯಲ್ಲಿ ಹಿಂದಿರುಗಿ, "ಆಕಳು ಮೆಲುಕು ಹಾಕವಲ್ದು. ಕಿವಿ ಮುಟ್ಟಿದ್ರ ತಣ್ಣಗಾಗ್ಯಾವ" ಎಂದರು. ಹೋಗಿ ನೋಡಿದರೆ ಎಡಗಡೆಯ ಹೊಟ್ಟೆ ಉಬ್ಬಿತ್ತು. ಆಕಳು ಹಲ್ಲು ಕಡಿಯುತ್ತ ನಿಂತಿತ್ತು. ಸಗಣಿ ನೀರಾಗಿ ಹುಳಿ ನಾತ ಬರುತ್ತಿತ್ತು. ಪಶುವೈದ್ಯರು ಬಂದವರೇ ಕೇಳಿದ ಮೊದಲ ಮಾತು, "ನಿನ್ನೆ ಮನಿಯಾಗ ಏನರ ಕಾರ್ಯ ಇತ್ತೇನ್ರಿ?" ನಮಗೆ ಕೂಡಲೇ ಉತ್ತರ ಹೊರಡಲಿಲ್ಲ. ಅವರು ಎಡಪಕ್ಕೆಯನ್ನು ಮುಷ್ಟಿಯಿಂದ ಒತ್ತಿದಾಗ ಒಳಗೆ ನೀರು ತುಳುಕುವ ಸದ್ದು ನಮಗೂ ಕೇಳಿಸಿತು.

ಅಂದು ವೈದ್ಯರು ತಿಳಿಸಿದ ಸಂಗತಿ ಇದು. ಆಕಳಿಗೆ ನಾಲ್ಕು ಭಾಗಗಳ ಹೊಟ್ಟೆ. ಮೊದಲ ಭಾಗವೇ 100 ಲೀಟರಿಗೂ ಮಿಕ್ಕಿ ಹಿಡಿಯಬಲ್ಲದು. ಅಲ್ಲಿ ವಾಸಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳೇ ಕಣಿಕೆ, ಹುಲ್ಲುಗಳ ನಾರನ್ನು ಕರಗಿಸುತ್ತವೆ. ನಾರುಳ್ಳ ಮೇವು ತಿಂದ ಆಕಳು ದಿನಕ್ಕೆ ಏಳೆಂಟು ತಾಸು ಮೆಲುಕು ಹಾಕುತ್ತದೆ. ಆಗ ಸುರಿಯುವ ಜೊಲ್ಲಿನಲ್ಲಿ ಸೋಡಾದ ಗುಣವಿದ್ದು ಅದು ಹೊಟ್ಟೆಯ ಹುಳಿಯನ್ನು ತಗ್ಗಿಸುತ್ತದೆ. ಬೆಂದ ಅನ್ನ, ಹಿಟ್ಟು, ಬೆಲ್ಲಗಳಿಗೆ ಮೆಲುಕಿನ ಅಗತ್ಯವಿಲ್ಲ. ಅವು ಅತಿಯಾದರೆ ಕೆಲವೇ ತಾಸುಗಳಲ್ಲಿ ಹುದುಗಿ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ನಾರು ಕರಗಿಸುವ ಜೀವಿಗಳು ಸಾಯುತ್ತವೆ, ಮೈಯ ನೀರು ಹೊಟ್ಟೆಗೆ ಇಳಿಯುತ್ತದೆ, ಹುಳಿ ರಕ್ತವನ್ನು ಸೇರುತ್ತದೆ. ತಡಮಾಡಿದರೆ ಸಾವು.

ಹೊಟ್ಟೆಗೆ ಸೋಡಾ, ರಕ್ತನಾಳಕ್ಕೆ ದ್ರಾವಣದ ಬಾಟಲಿಗಳು. ಎರಡು ಹಗಲು ಎರಡು ರಾತ್ರಿ ಸರದಿಯಂತೆ ಕಾದೆವು. ಆಕಳು ಉಳಿಯಿತು. ಆದರೆ ಆ ಹುಳಿಯ ದೆಸೆಯಿಂದ ಗೊರಸಿನೊಳಗೆ ಬಾವು ಬಂದು ಅದು ಇಂದಿಗೂ ಕುಂಟುತ್ತದೆ. ಹಾಲು ಅರ್ಧಕ್ಕಿಳಿದದ್ದು ಮತ್ತೆ ಏರಲಿಲ್ಲ. ನಮ್ಮ ಪ್ರೀತಿಯ ಫಲ ದಿನವೂ ಕಣ್ಣೆದುರಿಗೆ ಕಾಲೆಳೆಯುತ್ತ ನಡೆಯುತ್ತಿದೆ.

ಈ ನೋವು ನಮ್ಮನ್ನು ಕೊಟ್ಟಿಗೆಯ ಕಡೆಗೆ ಹೊಸದಾಗಿ ನೋಡುವಂತೆ ಮಾಡಿತು. ಹಿರಿಯರ ಕಾಲದಲ್ಲಿ ಹಿತ್ತಿಲ ತುಂಬ ಜೋಳದ ಕಣಿಕೆಯ ಬಣವೆಗಳಿದ್ದವು. ಹಿಂಗಾರಿಗೆ ಮಾಲ್ದಂಡಿ ಜೋಳ ಬಿತ್ತುವಾಗ ಕಾಳಿನಷ್ಟೇ ಕಣಿಕೆಯ ಆಸೆಯೂ ಇರುತ್ತಿತ್ತು. ಈಗ ನಮ್ಮ ಹೊಲಗಳಲ್ಲಿ ಹತ್ತಿ, ಗೋವಿನಜೋಳ, ಕಬ್ಬು. ಕಬ್ಬಿನ ರವದಿಗೆ ಹೊಲದಲ್ಲಿಯೇ ಬೆಂಕಿ ಹಚ್ಚುತ್ತೇವೆ. ಊರೆಲ್ಲ ಹೊಗೆ, ಮಣ್ಣಿನ ಸಾರವೆಲ್ಲ ಬೂದಿ. ಮನೆಯಲ್ಲಿ ಮೇವು ಕಡಿಮೆಯಾದಾಗ ಹಿಟ್ಟು ಅನ್ನಗಳಿಂದ ಆಕಳ ಹೊಟ್ಟೆ ತುಂಬಿಸಲು ಹೊರಡುತ್ತೇವೆ.

ಗಾಳಿಗೂ ಈ ಮೇವಿಗೂ ಸಂಬಂಧವಿದೆ. ಮೆಲುಕು ಹಾಕುವ ಪ್ರಾಣಿಯ ತೇಗಿನಲ್ಲಿ ಮೀಥೇನ್ ಅನಿಲ ಹೊರಬರುವುದು ಸೃಷ್ಟಿನಿಯಮ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಸತ್ವವಿಲ್ಲದ ಒಣಮೇವನ್ನಷ್ಟೇ ತಿನ್ನುವ ಆಕಳು ಕೊಡುವ ಒಂದೊಂದು ಲೀಟರ್ ಹಾಲಿಗೆ ಈ ಅನಿಲ ಹೆಚ್ಚು. ಕತ್ತರಿಸಿದ ಕಣಿಕೆಯ ಜೊತೆ ಅಲಸಂದಿ, ಕುದುರೆ ಮಸಾಲೆಯಂಥ ಹಸಿಮೇವು, ಅಳತೆಯ ಹಿಂಡಿ ಸಿಕ್ಕರೆ ಅದು ಕಡಿಮೆ. ತಿಪ್ಪೆಗೆ ಚೆಲ್ಲಿದ ಅನ್ನ ಕೊಳೆತರೂ ಅದೇ ಅನಿಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದರಂತೂ ಬೀದಿಯ ದನ ಚೀಲವನ್ನೂ ನುಂಗುತ್ತದೆ. ಅದು ಕರಗದೆ ಹೊಟ್ಟೆಯಲ್ಲಿ ಗಂಟುಕಟ್ಟಿ ಜೀವಕ್ಕೇ ಎರವಾಗುತ್ತದೆ. ಆಕಳಿಗೆ ಹಿತವಾದ ಮೇವೇ ನೆಲಕ್ಕೂ ಗಾಳಿಗೂ ಹಿತವೆಂಬುದನ್ನು ನಾವು ತಡವಾಗಿ ಅರಿತೆವು.

ಪ್ರಸಾದವನ್ನು ಎಡೆಯಲ್ಲಿ ಉಳಿಸಬಾರದೆಂಬುದು ನಮ್ಮ ಮನೆಗಳ ಸಂಸ್ಕಾರ. ತಾಟು ತೊಳೆದ ನೀರನ್ನೂ ಕುಡಿಯುವ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ. ಎಡೆಯಲ್ಲಿ ಅಗುಳೂ ಉಳಿಸದ ನಾವು ಹಂಡೆಯಲ್ಲಿ ಬುಟ್ಟಿಗಟ್ಟಲೆ ಉಳಿಸಿ, ಆ ಭಾರವನ್ನು ಆಕಳ ಹೊಟ್ಟೆಗೆ ಹೊರಿಸಿ ಪುಣ್ಯವೆಂದುಕೊಳ್ಳುವುದು ದಾಸೋಹಕ್ಕೆ ಒಪ್ಪುವ ಮಾತೇ? ಕಾರ್ಯದ ಮನೆಯ ಯಜಮಾನರು ಇದನ್ನು ಯೋಚಿಸಬೇಕೆಂದು ನಮ್ಮ ವಿನಂತಿ.

ಕಳೆದ ಕಾರ್ಯಕ್ಕೆ ನಾವು ತಲೆಯೆಣಿಸಿ ಅಕ್ಕಿ ಹಾಕಿಸಿದೆವು. ಉಳಿದ ಸ್ವಲ್ಪವನ್ನು ಬಿಸಿಯಿರುವಾಗಲೇ ಸಮೀಪದ ವಿದ್ಯಾರ್ಥಿನಿಲಯದ ಮಕ್ಕಳಿಗೆ ಮುಟ್ಟಿಸಿದೆವು. ಆಕಳಿಗೆ ಅಂದು ಎಂದಿನ ಕಣಿಕೆ, ಎಂದಿನ ಹಸಿಮೇವು. ಮೊದಲಿನಿಂದಲೂ ಅವ್ವ ದಿನದ ರೊಟ್ಟಿಗಳಲ್ಲಿ ಆಕಳ ಹೆಸರಿನಲ್ಲಿ ಒಂದನ್ನು ತೆಗೆದಿಡುತ್ತಾರೆ. ಆ ದಿನವೂ ಒಂದೇ ರೊಟ್ಟಿಯನ್ನು ಒಯ್ದು ಅದರ ಬಾಯಿಗೆ ಕೊಟ್ಟು, ಗಂಗೆದೊಗಲನ್ನು ತಡವಿ, "ನಿನಗ ಇಷ್ಟ ಸಾಕವ್ವಾ" ಎಂದರು. ಆಕಳು ರೊಟ್ಟಿ ತಿಂದು, ಕುಂಟುತ್ತ ಹೋಗಿ ಮಲಗಿ, ಮೆಲುಕು ಹಾಕತೊಡಗಿತು.