ಮೂರನೇ ವೈರು

ಆಫರ್ ಇದೆ ಅಂತ ಹೋದ ದಸರಾದಲ್ಲಿ ನಾಲ್ಕು ಸ್ಮಾರ್ಟ್ ಬಲ್ಬು, ಎರಡು ಸ್ಮಾರ್ಟ್ ಪ್ಲಗ್ಗು ತರಿಸಿದೆ. ಅದಕ್ಕೂ ಮುಂಚೆ ಮೂರು ವಾರ ರಿವ್ಯೂ ಓದಿದ್ದೆ. ಯಾವುದರ ಆಪ್ ಚೆನ್ನಾಗಿದೆ, ವೈಫೈ ಹೋದ್ರೆ ಏನಾಗುತ್ತೆ, ನನ್ನ ಅರಕಲಗೂಡು ಇಂಗ್ಲಿಷ್ ಯಾವುದಕ್ಕೆ ಅರ್ಥವಾಗುತ್ತೆ ಅಂತ ಎಕ್ಸೆಲ್ ಶೀಟೇ ಮಾಡಿಟ್ಟಿದ್ದೆ. ಬೆಳಗ್ಗೆ ಆರಕ್ಕೆ ಗೀಸರ್ ತಾನಾಗೇ ಆನ್ ಆಗಬೇಕು, ಆರೂವರೆಗೆ ಆಫ್ ಆಗಬೇಕು. ನನಗೆ ಬೇಕಿದ್ದಿದ್ದು ಇಷ್ಟೇ.

ಗೀಸರ್ ಪಿನ್ನು ದಪ್ಪ, ಸ್ಮಾರ್ಟ್ ಪ್ಲಗ್ಗಿನ ತೂತು ಸಣ್ಣ. ಬಿಇ ಓದಿದ್ದೀನಲ್ಲ, ವರ್ಕ್‌ಅರೌಂಡ್ ಗೊತ್ತಿಲ್ವಾ? ಬೀದಿ ತುದಿಯ ಅಂಗಡಿಯಿಂದ ಒಂದು ಕನ್ವರ್ಟರ್ ತಂದು ಮಧ್ಯೆ ಸಿಕ್ಕಿಸಿದೆ. ಕೂತ್ಕೊಳ್ತು. ಆಪ್‌ನಲ್ಲಿ ಹಸಿರು ಚುಕ್ಕೆ ಬಂತು.

ಅದೇ ಸಮಯಕ್ಕೆ ಅಮ್ಮ ಊರಿಂದ ಬಂದಿದ್ದಳು. ಊರಲ್ಲಿ ಇವತ್ತಿಗೂ ಅವಳದ್ದು ಹಂಡೆ ಒಲೆಯ ನೀರೇ. ಯಾರೂ ಮುಟ್ಟದೆ ನೀರು ಕಾಯೋದನ್ನ ನೋಡಿ ಮೊದಲ ದಿನ ನಕ್ಕಳು. ಹನ್ನೊಂದನೇ ದಿನ ಬೆಳಗ್ಗೆ ನನ್ನನ್ನ ಎಬ್ಬಿಸಿದಳು. "ಏನೋ ರಬ್ಬರ್ ಸುಟ್ಟಂಗೆ ವಾಸ್ನೆ ಬತ್ತಾ ಐತಲ್ಲ, ನೋಡ್ಬಾ."

ಎಂಸಿಬಿ ಇಳಿಸಿ ಕಿತ್ತು ನೋಡಿದರೆ ಕನ್ವರ್ಟರ್ ಕಂದು ಬಣ್ಣಕ್ಕೆ ತಿರುಗಿ ಪ್ಲಗ್ಗಿಗೆ ಅಂಟಿಕೊಂಡಿತ್ತು. ಆಮೇಲೆ ಕೂತು, ಪಿಯುಸಿಯಲ್ಲೇ ಕಲಿತಿದ್ದ ಲೆಕ್ಕ ಮಾಡಿದೆ. ಗೀಸರ್ 3000 ವ್ಯಾಟ್. ನಮ್ಮ ಮನೆಗಳಿಗೆ ಬರೋದು 230 ವೋಲ್ಟ್. ಭಾಗಿಸಿದರೆ 13 ಆಂಪಿಯರ್. ನನ್ನ ಸ್ಮಾರ್ಟ್ ಪ್ಲಗ್ಗಿನ ಮೇಲೆ ಬರೆದಿದ್ದು 10. ಆ ದಪ್ಪ ಪಿನ್ನೇ ಒಂದು ಎಚ್ಚರಿಕೆಯಾಗಿತ್ತು, ಅದನ್ನ ನಾನು ದುಡ್ಡು ಕೊಟ್ಟು ಬೈಪಾಸ್ ಮಾಡಿದ್ದೆ. ಎಂಸಿಬಿ ಯಾಕೆ ಬೀಳಲಿಲ್ಲ ಅಂದ್ರಾ? ಗೀಸರ್ ಲೈನಿನ ಎಂಸಿಬಿಗೆ 13 ಆಂಪಿಯರ್ ಮಾಮೂಲು. ಗೋಡೆಯೊಳಗಿನ ವೈರನ್ನ ಕಾಯೋದು ಅದರ ಕೆಲಸ, ನಾನು ಸಿಕ್ಕಿಸಿದ ಪ್ಲಾಸ್ಟಿಕ್ಕನ್ನಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ಇದನ್ನ ಬರೀತಾ ಇರಲಿಲ್ಲ. ಸಾಕೆಟ್ ಬದಲಾಯಿಸೋಕೆ ಬಂದ ಎಲೆಕ್ಟ್ರಿಷಿಯನ್, ಹೋಲ್ಡರಿಗೆ ಎರಡು ವೈರು ಕಟ್ಟಿದ ಬಲ್ಬೊಂದನ್ನ ಚೀಲದಿಂದ ತೆಗೆದ. ಫೇಸಿಗೂ ನ್ಯೂಟ್ರಲ್ಲಿಗೂ ಇಟ್ಟ, ಬಲ್ಬು ಉರೀತು. ಫೇಸಿಗೂ ಮೇಲಿನ ದೊಡ್ಡ ತೂತಿಗೂ ಇಟ್ಟ, ಉರೀಲಿಲ್ಲ. ಸಾಕೆಟ್ ಬಿಚ್ಚಿ ತೋರಿಸಿದ. ಮೂರನೇ ತೂತಿಗೆ ವೈರೇ ಇಲ್ಲ. ಅರ್ಥಿಂಗ್ ಅನ್ನೋದು ಬರೀ ತೂತಿನ ರೂಪದಲ್ಲಿತ್ತು. ಹನ್ನೊಂದು ದಿನ ಅಮ್ಮ ಒದ್ದೆ ಕೈಯಲ್ಲಿ ಆ ಗೀಸರಿನ ನಲ್ಲಿ ತಿರುಗಿಸಿದ್ದಳು.

ಅಂಥದ್ದೇ ಬಲ್ಬು ನಮ್ಮ ಪಂಪ್‌ಹೌಸಿನ ಮೊಳೆಗೆ ನೇತಾಡ್ತಿತ್ತು. ಮೋಟಾರ್ ಪಕ್ಕ ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿ. ಬೇಸಿಗೆ ರಜದಲ್ಲಿ ಅದಕ್ಕೆ ದಿನಾ ಒಂದು ಬಿಂದಿಗೆ ನೀರು ಹಾಕೋದು ನನ್ನ ಕೆಲಸ. ಮಣ್ಣು ಒಣಗಿದರೆ ಕರೆಂಟು ಭೂಮಿಗೆ ಇಳಿಯಲ್ಲ ಅಂತ ಅಪ್ಪ ಹೇಳ್ತಿದ್ದರು. ಏಳನೇ ಕ್ಲಾಸು ಓದಿದವರು. ಫೋನ್ ಮಾಡಿದರೆ ಮೋಟಾರ್ ಆನ್ ಆಗುವ ಸಿಮ್ ಸ್ಟಾರ್ಟರ್ ಹಾಕಿಸಿದಾಗ, ಅದರ ಡಬ್ಬಿಗೆ ಮೊದಲು ಅರ್ಥ್ ವೈರು ಕಟ್ಟಿಸಿ, ಆಮೇಲೆ ಫೋನ್ ಜೇಬಿಂದ ತೆಗೆದರು. ನಾನು ಆಪ್‌ನಿಂದ ಶುರು ಮಾಡಿದ್ದೆ.

ಓನರ್‌ಗೆ ಹೇಳಿದೆ. "ಇಷ್ಟ್ ವರ್ಷ ಯಾರಿಗೂ ಏನೂ ಆಗಿಲ್ವಲ್ಲ?" ಅಂದರು. ಅಮ್ಮನ ಮುಖ ನೋಡಿ, ವಾದ ಬಿಟ್ಟು, ನನ್ನ ದುಡ್ಡಲ್ಲೇ ಅರ್ಥಿಂಗ್ ಮಾಡಿಸಿದೆ. ಜೊತೆಗೆ 30 ಮಿಲಿಆಂಪಿಯರಿನ ಒಂದು ಆರ್‌ಸಿಸಿಬಿ. ಹೋದ ಕರೆಂಟು ಪೂರ್ತಿ ವಾಪಸ್ ಬರದೆ ಎಲ್ಲೋ ಸೋರ್ತಿದ್ದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕತ್ತರಿಸುತ್ತೆ. ಎಂಸಿಬಿಗೆ ಈ ಕೆಲಸ ಬರಲ್ಲ.

ಎಕ್ಸೆಲ್ ಶೀಟಿಗೆ ಈಗ ಹೊಸ ಕಾಲಂಗಳು ಬಂದಿವೆ. ಬೇಕಿದ್ದರೆ ನೀವೂ ಕಾಪಿ ಮಾಡ್ಕೊಳ್ಳಿ. ಪ್ಲಗ್ಗಿನ ಆಂಪಿಯರ್ ಎಷ್ಟು, ಅದಕ್ಕೆ ಹಾಕುವ ವಸ್ತುವಿನ ವ್ಯಾಟ್ ಎಷ್ಟು? ಗೀಸರ್, ಇಸ್ತ್ರಿಪೆಟ್ಟಿಗೆಯಂಥ ಕಾಯುವ ವಸ್ತುಗಳಿಗೆ 16 ಆಂಪಿಯರಿಗಿಂತ ಕಡಿಮೆಯದ್ದು ಬೇಡ, ಮಧ್ಯೆ ಕನ್ವರ್ಟರ್ ಬೇಡವೇ ಬೇಡ. ಪ್ಲಗ್ಗು ಸಾಕೆಟ್ಟುಗಳಿಗೆ ನಮ್ಮ ದೇಶದ ಮಾನದಂಡ ಐಎಸ್ 1293, ಮಾಮೂಲಿ ಸ್ವಿಚ್ಚಿಗೆ ಐಎಸ್ 3854. ಎಲ್‌ಇಡಿ ಬಲ್ಬಿನ ಮೇಲೆ ಬಿಐಎಸ್‌ನ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ಇರಬೇಕು. ಸುಮ್ಮನೆ ನಂಬಬೇಡಿ, ಬಿಐಎಸ್ ಕೇರ್ ಆಪ್‌ಗೆ ಆ ನಂಬರ್ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತೆ. ಬರೀ ಸಿಇ ಅಂತಿದ್ದರೆ ಅದು ಯುರೋಪಿನ ಮಾರುಕಟ್ಟೆಯ ಗುರುತು, ಇಲ್ಲಿ ಬಿಐಎಸ್ ಬದಲಿಗೆ ನಡೆಯಲ್ಲ. ಸ್ಮಾರ್ಟ್ ಸ್ವಿಚ್ ಆದರೆ ಬೋರ್ಡಿನೊಳಗೆ ನ್ಯೂಟ್ರಲ್ ವೈರು ಇದೆಯಾ ಅಂತ ಮೊದಲೇ ನೋಡಿಸಿ, ಹೆಚ್ಚಿನವಕ್ಕೆ ಅದು ಬೇಕು. ಇನ್ನೊಂದು ಮಾತು. ಆಪ್‌ನಲ್ಲಿ ಆಫ್ ಅಂದರೆ ನಿಜವಾದ ಆಫ್ ಅಲ್ಲ, ಸ್ಮಾರ್ಟ್ ಬಲ್ಬಿನೊಳಗೆ ಆಗಲೂ ಕರೆಂಟು ಇರುತ್ತೆ. ಬಲ್ಬು ಬಿಚ್ಚುವ ಮುಂಚೆ ಗೋಡೆಯ ಸ್ವಿಚ್ ಆಫ್ ಮಾಡಿ.

ಇದೆಲ್ಲಕ್ಕಿಂತ ಮೊದಲು, ಸಾಕೆಟ್ಟಿನ ಮೂರನೇ ತೂತಿನ ಹಿಂದೆ ವೈರು ಇದೆಯಾ ಅಂತ ಗೊತ್ತಿರೋರಿಂದ ನೋಡಿಸಿ. ಬಾಡಿಗೆ ಮನೆ ಆದರಂತೂ ಅಡ್ವಾನ್ಸ್ ಕೊಡೋ ಮುಂಚೆ.

ಗೀಸರನ್ನ ಈಗ ನಾನೇ ಎದ್ದು ಹಾಕ್ತೀನಿ. ಊರಿಗೆ ವಾಪಸ್ ಹೋದ ಅಮ್ಮ ವಾರಕ್ಕೊಮ್ಮೆಯಾದರೂ ಫೋನಲ್ಲಿ ಕೇಳ್ತಾಳೆ, "ವಾಸ್ನೆ ಗೀಸ್ನೆ ಇಲ್ವಲ್ಲ ಮಗಾ?" ಇಲ್ಲ ಅಂತೀನಿ. ಆಮೇಲೆ ನಾನು ಕೇಳ್ತೀನಿ, "ಗುಂಡಿಗೆ ನೀರು ಹಾಕ್ಸಿದ್ಯಾ?"