ಜುಮ್ ಎನ್ನುವ ಏಣಿ

ಟೆಕ್ಸಸ್‌ನ ನಮ್ಮ ಮನೆಯ ಹಿತ್ತಲಲ್ಲಿ ಒಂದು ಹಳೆಯ ಈಜುಕೊಳವಿದೆ. ಹೋದ ಬೇಸಿಗೆಯಲ್ಲಿ ಅದರ ಸುತ್ತ ಹೊಸದಾಗಿ ಕಾಂಕ್ರೀಟ್ ಹಾಕಿಸಿದೆವು. ಆಮೇಲೆ ಮಗ ನೀರಿಗಿಳಿಯಲು ಹಿಂಜರಿಯತೊಡಗಿದ. “ಅಮ್ಮಾ, ಏಣಿ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ” ಎಂದ. ನಾನು ಹೋಗಿ ಸ್ಟೀಲಿನ ಏಣಿ ಹಿಡಿದು ನೋಡಿದೆ. ಏನೂ ಆಗಲಿಲ್ಲ. ಈಜು ತಪ್ಪಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾನೆಂದು ಗದರಿದೆ.

ತುಮಕೂರಿನಿಂದ ಬಂದಿದ್ದ ಅಪ್ಪ ಗದರಲಿಲ್ಲ. ಲೈನ್‌ಮನ್ ಆಗಿ ಮೂವತ್ತು ವರ್ಷ ಕಂಬ ಹತ್ತಿದವರು. ನನ್ನ ಕಾಲು ನೋಡಿ, “ರಬ್ಬರ್ ಚಪ್ಪಲಿ ಹಾಕ್ಕೊಂಡು ಮುಟ್ಟಿದೀಯಲ್ಲ ಪುಟ್ಟಿ” ಎಂದರು. ಅಂದಿನಿಂದ ಮೊಮ್ಮಗನನ್ನು ಕೊಳದ ಹತ್ತಿರಕ್ಕೂ ಬಿಡಲಿಲ್ಲ.

ಎಲೆಕ್ಟ್ರಿಷಿಯನ್ ಬಂದು ಮೀಟರ್ ಹಿಡಿದರು. ಏಣಿಗೂ ಒದ್ದೆ ಕಾಂಕ್ರೀಟಿಗೂ ನಡುವೆ ಕೆಲವು ವೋಲ್ಟ್ ತೋರಿಸಿತು. ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೂ ಹೋಗಲಿಲ್ಲ. ಅದು ಬೀದಿಯ ಲೈನಿನ ನ್ಯೂಟ್ರಲ್‌ನಿಂದ, ಪಂಪಿನ ಅರ್ತ್ ತಂತಿಯ ಮೂಲಕ ಏಣಿಗೆ ಬರುತ್ತಿತ್ತು. ಅರ್ತಿಂಗ್ ಇದ್ದೂ ಹೀಗೇಕೆ ಎಂದು ನನಗೆ ಅರ್ಥವಾಗಲಿಲ್ಲ.

ಅಪ್ಪ ವಿವರಿಸಿದರು: “ಹಕ್ಕಿಯ ಎರಡು ಕಾಲೂ ಒಂದೇ ತಂತಿ ಮೇಲಿರುತ್ತಲ್ಲ, ಅದಕ್ಕೆ ಏನೂ ಆಗಲ್ಲ. ಒಂದು ಕಾಲು ತಂತಿ ಮೇಲೆ, ಇನ್ನೊಂದು ಕಬ್ಬಿಣದ ಕಂಬದ ಮೇಲೆ ಇಟ್ಟರೆ ಮುಗೀತು. ನಿನ್ನ ಮಗನ ಕೈ ಒಂದು ಕಡೆ, ಕಾಲು ಇನ್ನೊಂದು ಕಡೆ ಇತ್ತು.”

ಕೊಳದ ಸುತ್ತ ಬಾಂಡಿಂಗ್ ಇರುವುದು ಇದಕ್ಕೇ. ಅದರ ಕೆಲಸ ಕರೆಂಟನ್ನು ನೆಲಕ್ಕೆ ಇಳಿಸುವುದಲ್ಲ. ಏಣಿ, ಪಂಪು, ಕಾಂಕ್ರೀಟಿನೊಳಗಿನ ಕಂಬಿ, ಕಾಲಡಿಯ ನೆಲ ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ, ಅವುಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಉಳಿಯದಂತೆ ಮಾಡುವುದು. ಅಮೆರಿಕದ ವಿದ್ಯುತ್ ಸಂಹಿತೆಯ 680ನೇ ವಿಧಿ ಇದನ್ನು ಇಂಚಿನ ಲೆಕ್ಕದಲ್ಲಿ ಹೇಳುತ್ತದೆ. ಸುತ್ತ ತಾಮ್ರದ ತಂತಿ ಹೂಳುವುದಾದರೆ ಅದು 8 ಗೇಜಿನ ಒಂಟಿ ಎಳೆಯದಾಗಿರಬೇಕು. ಕೊಳದ ಗೋಡೆಯಿಂದ 18ರಿಂದ 24 ಇಂಚು ದೂರದಲ್ಲಿ, 4ರಿಂದ 6 ಇಂಚು ಆಳದಲ್ಲಿರಬೇಕು. ನೀರನ್ನೂ ಬಿಡುವಂತಿಲ್ಲ: ಕನಿಷ್ಠ 9 ಚದರ ಇಂಚಿನಷ್ಟು ಲೋಹ ಅದಕ್ಕೆ ತಾಗಿರಬೇಕು.

ನಮ್ಮ ಕೊಳಕ್ಕೂ ಅಂಥ ತಂತಿಯಿತ್ತು. ಹಳೆಯ ಕಾಂಕ್ರೀಟ್ ಒಡೆದವರು ಅದನ್ನೂ ಕಿತ್ತೆಸೆದಿದ್ದರು. ಅಗ್ಗಕ್ಕೆ ಒಪ್ಪಿದರೆಂದು ಅವರಿಗೆ ಕೆಲಸ ಕೊಟ್ಟವಳು ನಾನೇ.

ಮತ್ತೆ ಅಗೆಸಿ ತಂತಿ ಹಾಕಿಸಿದೆವು. ಮೀಟರಿನ ಮುಳ್ಳು ಸೊನ್ನೆಯಲ್ಲೇ ನಿಂತಿತು. ನಾನು ಚಪ್ಪಲಿ ಬಿಟ್ಟು, ಕೈಕಾಲು ಒದ್ದೆ ಮಾಡಿಕೊಂಡು ಏಣಿ ಹಿಡಿದೆ. ಮಗ ನನ್ನ ಮುಖವನ್ನೇ ನೋಡುತ್ತಿದ್ದ.

“ಅವತ್ತು ನೀನು ಹೇಳಿದ್ದು ನಿಜ ಕಣೋ” ಎಂದೆ.