ಮುಂಬಯಿಯ ಕಟ್ಟಡಗಳಲ್ಲಿ ವಿಜಯಪುರದ ಕಮಾನು

ಯಲ್ಲಾಪುರದವರಿಗೆ ಮುಂಬಯಿ ತೀರ ಪರಕೀಯವಾದ ಊರಲ್ಲ. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ, 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ಒಂದಾಗುವವರೆಗೆ, ತೊಂಬತ್ತಕ್ಕೂ ಹೆಚ್ಚು ವರ್ಷ ನಮ್ಮ ಹಿರಿಯರ ರಾಜಧಾನಿ ಅದೇ ಆಗಿತ್ತು. ವಿಜಯಪುರ, ಬೆಳಗಾವಿ, ಧಾರವಾಡಗಳೂ ಅದೇ ಪ್ರಾಂತದವು. ಕಾಡಿನ ಕಾಯದೆಯಿರಲಿ, ಕಂದಾಯದ ತಕರಾರಿರಲಿ, ಕೊನೆಯ ಮಾತು ಆ ಕಡಲ ತೀರದಿಂದಲೇ ಬರಬೇಕಾಗಿತ್ತು.

ನಾವು ಏಳೆಂಟು ಮಂದಿ ಯಲ್ಲಾಪುರದಿಂದ ಹುಬ್ಬಳ್ಳಿಗೆ ಬಂದು ರೈಲು ಹಿಡಿದು ಮುಂಬಯಿಗೆ ಹೋದದ್ದು ಆ ರಾಜಧಾನಿಯ ಕಟ್ಟಡಗಳನ್ನು ಸಾವಕಾಶವಾಗಿ ನೋಡಬೇಕೆಂಬ ಹಂಬಲದಿಂದ. ಅದರಲ್ಲಿಯೂ ಜಾರ್ಜ್ ವಿಟೆಟ್ ಎಂಬ ವಾಸ್ತುಶಿಲ್ಪಿ ಕಟ್ಟಿಸಿದವುಗಳನ್ನು.

ಈತ ಸ್ಕಾಟ್ಲೆಂಡಿನ ಬ್ಲೇರ್ ಅಥಾಲ್ ಎಂಬ ಊರಿನಲ್ಲಿ 1878ರಲ್ಲಿ ಹುಟ್ಟಿದವನು. ಪರ್ಥ್ ಪಟ್ಟಣದಲ್ಲಿ ವಿದ್ಯೆ ಕಲಿತು, ಎಡಿನ್‌ಬರೋ ಮತ್ತು ಯಾರ್ಕ್‌ಗಳಲ್ಲಿ ಕೆಲಸ ಮಾಡಿ, 1904ರಲ್ಲಿ ಮುಂಬಯಿಗೆ ಬಂದನು. ಸರಕಾರದ ವಾಸ್ತುಶಿಲ್ಪಿಯಾಗಿದ್ದ ಜಾನ್ ಬೆಗ್ ಕೂಡ ಸ್ಕಾಟ್ಲೆಂಡಿನವನೇ. ವಿಟೆಟ್ ಅವನ ಕೈಕೆಳಗೆ ಸೇರಿ ಮುಂದೆ ಅದೇ ಹುದ್ದೆಗೆ ಏರಿದನು. ಬೆಗ್ ರಚಿಸಿದ ಮುಂಬಯಿಯ ದೊಡ್ಡ ಅಂಚೆ ಕಚೇರಿ 1913ರಲ್ಲಿ ಪೂರ್ಣವಾಯಿತು. ಅದರ ಗುಮ್ಮಟವನ್ನು ದೂರದಿಂದ ಕಂಡೊಡನೆ ನಮ್ಮ ಜೊತೆಗಿದ್ದ ಹಿರಿಯ ತಾಯಿಯೊಬ್ಬರು, “ಇದು ನಮ್ಮ ಬಿಜಾಪುರದ ಗೋಳಗುಮ್ಮಟದಂಗ ಐತಲ್ಲೋ!” ಎಂದರು. ಯಾವ ಗ್ರಂಥವನ್ನೂ ಓದದೆ ಅವರು ಆಡಿದ ಮಾತು ಸತ್ಯವೇ ಆಗಿತ್ತು. ಆ ಗುಮ್ಮಟಕ್ಕೆ ಮಾದರಿ ಗೋಳಗುಮ್ಮಟವೇ.

ವಿಟೆಟನ ಕೈಯ ಕೆಲಸ ಚೆನ್ನಾಗಿ ಕಾಣುವುದು ವಸ್ತು ಸಂಗ್ರಹಾಲಯದಲ್ಲಿ. ವೇಲ್ಸ್ ರಾಜಕುಮಾರನು 1905ರಲ್ಲಿ ಅದರ ಅಡಿಗಲ್ಲನ್ನು ಇಟ್ಟನು. 1909ರ ಸ್ಪರ್ಧೆಯಲ್ಲಿ ವಿಟೆಟನ ನಕ್ಷೆ ಗೆದ್ದಿತು. ಕಟ್ಟಡ 1914ರಲ್ಲಿ ಮುಗಿದರೂ ಮಹಾಯುದ್ಧದ ಕಾಲದಲ್ಲಿ ಗಾಯಾಳು ಸೈನಿಕರ ಆಸ್ಪತ್ರೆಯಾಗಿ, 1922ರಲ್ಲಿ ಮಾತ್ರ ಸಂಗ್ರಹಾಲಯವಾಗಿ ತೆರೆಯಿತು. 1998ರಿಂದ ಅದಕ್ಕೆ ಛತ್ರಪತಿ ಶಿವಾಜಿ ಮಹಾರಾಜರ ಹೆಸರಿದೆ. ಹೊರಗಿನ ಗುಮ್ಮಟ ಗೋಲ್ಕೊಂಡದ ರೀತಿಯದು. ಆದರೆ ಒಳಗೆ ನಿಂತು ತಲೆಯೆತ್ತಿದರೆ ಕಾಣುವ ಕಮಾನುಗಳು ವಿಜಯಪುರದವು.

ಈ ಕಮಾನುಗಳ ಮರ್ಮವನ್ನು ತುಸು ವಿವರಿಸಬೇಕು. ಚೌಕಾಕಾರದ ಕೋಣೆಯ ಮೇಲೆ ದುಂಡನೆಯ ಗುಮ್ಮಟವನ್ನು ಕೂಡಿಸುವುದು ಸುಲಭವಲ್ಲ. ಮೂಲೆಗಳು ಬರಿದಾಗಿ ಉಳಿಯುತ್ತವೆ. ಮಹಮ್ಮದ್ ಆದಿಲ್‌ಶಾಹನ ಕಾಲದ ಶಿಲ್ಪಿಗಳು ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿಟ್ಟಂತೆ ಎಂಟು ಕಮಾನುಗಳನ್ನು ಒಂದನ್ನೊಂದು ಕತ್ತರಿಸುವಂತೆ ಹೆಣೆದರು. ಚೌಕವು ಮೇಲೇರುತ್ತ ದುಂಡಾಯಿತು. ಸುಮಾರು 124 ಅಡಿ ಒಳವ್ಯಾಸದ ಗುಮ್ಮಟ ನಡುವೆ ಒಂದು ಕಂಬವೂ ಇಲ್ಲದೆ 1656ರ ಸುಮಾರಿನಿಂದ ನಿಂತಿದೆ. ಅಲ್ಲಿಗೆ ಹೋದ ನಮ್ಮವರಲ್ಲಿ ಹೆಚ್ಚಿನವರು ಕೂಗು ಹಾಕಿ, ಪ್ರತಿಧ್ವನಿ ಎಣಿಸಿ ಹಿಂದಿರುಗುತ್ತಾರೆ. ಪರದೇಶದ ಈ ಯುವಕ ಕಮಾನನ್ನು ನೋಡಿದನು. ಅನ್ಯರ ಸೊತ್ತನ್ನು ಎತ್ತಿಕೊಂಡನೆಂದು ಕೆಲವರು ಹೇಳಬಹುದು. ನಮಗೆ ಅವನು ಒಳ್ಳೆಯ ವಿದ್ಯಾರ್ಥಿಯಾಗಿಯೇ ಕಂಡನು.

ಗೇಟ್‌ವೇ ಆಫ್ ಇಂಡಿಯಾದ ಕತೆ ಬೇರೆ. ಐದನೆಯ ಜಾರ್ಜ್ ದೊರೆ 1911ರ ಡಿಸೆಂಬರಿನಲ್ಲಿ ಇಲ್ಲಿ ಇಳಿದಾಗ ಅವನಿಗೆ ಕಂಡದ್ದು ರಟ್ಟಿನ ಮಾದರಿ ಮಾತ್ರ! ಯಾರ ಸ್ವಾಗತಕ್ಕೆಂದು ಕಟ್ಟಿದರೋ ಅವನು ಬಂದು ಹೋದ ಹದಿಮೂರು ವರ್ಷಗಳ ಮೇಲೆ, 1924ರ ಡಿಸೆಂಬರ್ 4ರಂದು, ಅದರ ಉದ್ಘಾಟನೆಯಾಯಿತು. ವೆಚ್ಚ ಸುಮಾರು 21 ಲಕ್ಷ ರೂಪಾಯಿ. ಎದುರಿಗೆ ನೇರವಾದ ಹಾದಿ ಮಾಡಲು ಹಣ ಸಾಲದೆ ಹೋದುದರಿಂದ ಬರುವ ರಸ್ತೆಗೆ ಇಂದಿಗೂ ಅದು ಓರೆಯಾಗಿಯೇ ನಿಂತಿದೆ. 1948ರ ಫೆಬ್ರವರಿ 28ರಂದು ಆಂಗ್ಲರ ಕೊನೆಯ ಪಡೆ ಇದೇ ಬಾಗಿಲಿನಿಂದ ಹಡಗು ಹತ್ತಿತು. ನಮ್ಮ ತಂಡದ ಅಜ್ಜನೊಬ್ಬರು ಆಂಗ್ಲ ಅರಸನ ಬಾಗಿಲಿನ ಕೆಳಗೆ ಹಾಯುವುದಿಲ್ಲವೆಂದು ಹೊರಗೇ ನಿಂತಿದ್ದರು. ಈ ಸಂಗತಿ ಕೇಳಿದ ಮೇಲೆ, “ಹಾಂಗಾದರ ಇದು ಹೋಗುವ ಬಾಗಿಲು” ಎಂದು ನಗುತ್ತ ಒಳಗೆ ಬಂದರು.

ವಿಟೆಟ್ 1919ರಲ್ಲಿ ಸರಕಾರಿ ಕೆಲಸ ಬಿಟ್ಟು ಟಾಟಾ ಸಂಸ್ಥೆಗೆ ಸೇರಿದನು. ಬಾಂಬೆ ಹೌಸ್, ಬಲ್ಲಾರ್ಡ್ ಎಸ್ಟೇಟ್ ಅವನವೇ. ಭಾರತೀಯ ವಾಸ್ತುಶಿಲ್ಪಿಗಳ ಸಂಸ್ಥೆಗೆ ಅವನು ಮೊದಲ ಅಧ್ಯಕ್ಷ. ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ನಕ್ಷೆಯೂ ಅವನದು. ಆ ಆಸ್ಪತ್ರೆ ತೆರೆದ 1926ರಲ್ಲಿಯೇ ಅವನು ರಕ್ತಭೇದಿಯಿಂದ ಮುಂಬಯಿಯಲ್ಲಿ ತೀರಿಕೊಂಡನು. ಐವತ್ತು ತುಂಬಿರಲಿಲ್ಲ. ಸೇವ್ರಿಯ ಸ್ಮಶಾನದಲ್ಲಿ ಅವನ ಸಮಾಧಿಯಿದೆ.

ಸಂಗ್ರಹಾಲಯದ ಒಂದು ಸಂಗತಿಯನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇವೆ. ನಾಸಿಕದ ಹಳೆಯ ವಾಡೆಯೊಂದರ ಕೆತ್ತನೆಯ ಮರದ ಕಮಾನು ಮಂಟಪವನ್ನು ವಿಟೆಟ್ ಕೊಂಡು ತಂದು, ಅದರ ಕಂಬಗಳನ್ನು ನಡುಮನೆಯ ಮೇಲಂತಸ್ತಿನಲ್ಲಿ ಸುತ್ತಲೂ ಜೋಡಿಸಿದನು. ನಮ್ಮೊಡನೆ ಬಂದಿದ್ದ ದಂಪತಿಗಳು ಅಲ್ಲಿಂದ ಕದಲಲೇ ಇಲ್ಲ. ಯಲ್ಲಾಪುರದ ಕಡೆ ಅವರಿಗೆ ತಾತನ ಕಾಲದ ಮನೆಯಿದೆ. ಕಂಬ, ತೊಲೆ, ಬಾಗಿಲವಾಡಗಳಿಗೆ ಒಬ್ಬ ವ್ಯಾಪಾರಿ ಬೆಲೆ ಕಟ್ಟಿದ್ದಾನೆ. ಮಗನ ಓದಿಗೆ ಹಣವೂ ಬೇಕು. ಸೋರುವ ಮಾಡು ಬೇರೆ. ಇಂಥ ಮನೆಗಳು ನಮ್ಮ ಸೀಮೆಯಲ್ಲಿ ವರ್ಷ ವರ್ಷವೂ ಕಡಿಮೆಯಾಗುತ್ತಿವೆ. ಬಿಚ್ಚಿದ ಕಂಬಗಳೆಲ್ಲ ವಿಟೆಟನಂಥವರ ಕೈಗೆ ಸೇರುವುದಿಲ್ಲ. ಆ ತಾಯಿ ಕಂಬಗಳನ್ನು ಒಂದೊಂದಾಗಿ ನೋಡುತ್ತ ಸುತ್ತು ಬಂದರು, ಗಂಡ ಸುಮ್ಮನೆ ಹಿಂದೆ ನಡೆದರು. ಈ ಮಳೆಗಾಲ ಕಳೆಯಲೆಂದು ವ್ಯಾಪಾರಿಗೆ ಹೇಳಿ ಕಳುಹಿಸಿದ್ದಾರೆಂದು ಮೊನ್ನೆ ತಿಳಿಯಿತು.